ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್: ಫೀಸ್ ಕಟ್ಟುವ ಮುಂಚೆ ಹಾಕಬೇಕಾದ ಲೆಕ್ಕ

"ಊರಲ್ಲಿ ಬಿ.ಕಾಂ ಮಾಡಿದ್ದೇನೆ, ಈಗ ಎಚ್-4ನಲ್ಲಿ ಇಲ್ಲಿದ್ದೇನೆ. ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಡಿಗ್ರಿ ಮಾಡಿದರೆ ಕೆಲಸ ಸಿಗುತ್ತಾ?" ಅಮೆರಿಕದಲ್ಲಿರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. (ಎಚ್-4 ಎಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಸಂಗಾತಿ ಮತ್ತು ಮಕ್ಕಳ ವೀಸಾ.) ಮಗಳು ಹೈಸ್ಕೂಲ್ ಮುಗಿಸುತ್ತಿದ್ದಾಳೆ, ಮೊದಲ ಎರಡು ವರ್ಷ ಅಲ್ಲೇ ಓದಿಸಿದರೆ ಹೇಗೆ ಎಂದು ಕೇಳುವ ಅಪ್ಪ-ಅಮ್ಮಂದಿರೂ ಇದ್ದಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಿ.ಕಾಂ ಅಥವಾ ಬಿಬಿಎಂ ಕೈಯಲ್ಲಿದ್ದರೆ ಪೂರ್ತಿ ಎರಡು ವರ್ಷದ ಡಿಗ್ರಿ ಬಹುತೇಕರಿಗೆ ಬೇಕಾಗಿಲ್ಲ. ಬೇಕಿರುವುದು ಅದರೊಳಗಿನ ನಾಲ್ಕೈದು ಕೋರ್ಸ್‌ಗಳು. ಯಾವ ಡಿಗ್ರಿಯೂ ಇಲ್ಲದವರಿಗೆ, ಈಗಷ್ಟೇ ಹೈಸ್ಕೂಲ್ ಮುಗಿಸಿದವರಿಗೆ ಈ ಡಿಗ್ರಿ ಒಳ್ಳೆಯದೇ. ಆದರೆ ಅದನ್ನು ನಾಲ್ಕು ವರ್ಷದ ಓದಿನ ಮೊದಲ ಅರ್ಧ ಎಂದುಕೊಂಡು ಮಾಡಬೇಕು. ನಿಮ್ಮ ವಿಷಯದಲ್ಲಿ ಇದು ಸರಿಯೋ ತಪ್ಪೋ ಎಂದು ನೋಡಿಕೊಳ್ಳುವ ದಾರಿ ಮುಂದಿದೆ.

ಮೊದಲು ಕೆಲವು ಪದಗಳು

ಕಮ್ಯುನಿಟಿ ಕಾಲೇಜು ಎಂದರೆ ಆಯಾ ಜಿಲ್ಲೆ ಅಥವಾ ಕೌಂಟಿಯ ಜನರಿಗಾಗಿ ಇರುವ ಎರಡು ವರ್ಷದ ಸರ್ಕಾರಿ ಕಾಲೇಜು. ಅಲ್ಲಿ ಸಿಗುವ ಡಿಗ್ರಿಗೆ ಅಸೋಸಿಯೇಟ್ ಡಿಗ್ರಿ ಎನ್ನುತ್ತಾರೆ. ನಮ್ಮ ಪಿಯುಸಿಗಿಂತ ಮೇಲೆ, ಪದವಿಗಿಂತ ಕೆಳಗೆ. ಓದನ್ನು ಅಳೆಯುವುದು ಕ್ರೆಡಿಟ್‌ನಲ್ಲಿ. ಸಾಮಾನ್ಯವಾಗಿ ಒಂದು ಕೋರ್ಸ್‌ಗೆ 3 ಕ್ರೆಡಿಟ್, ಅಸೋಸಿಯೇಟ್ ಡಿಗ್ರಿಗೆ ಸುಮಾರು 60, ನಾಲ್ಕು ವರ್ಷದ ಬ್ಯಾಚುಲರ್ ಡಿಗ್ರಿಗೆ ಸುಮಾರು 120.

ಅಸೋಸಿಯೇಟ್‌ನಲ್ಲೂ ಬಗೆಗಳಿವೆ. ಎಎ, ಎಎಸ್ ಎಂಬವು ಮುಂದೆ ಯೂನಿವರ್ಸಿಟಿಗೆ ಹೋಗುವವರಿಗೆ. ಎಎಎಸ್ ಎನ್ನುವುದು ನೇರವಾಗಿ ಕೆಲಸಕ್ಕೆ ಸೇರುವವರಿಗೆ. ಇದರ ಎಷ್ಟೋ ಕೋರ್ಸ್‌ಗಳನ್ನು ಯೂನಿವರ್ಸಿಟಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೆಸರಿನಲ್ಲಿ ಒಂದು 'ಎ' ಜಾಸ್ತಿ ಇದೆಯೋ ಇಲ್ಲವೋ ಎಂದು ಅಡ್ಮಿಷನ್‌ಗೆ ಮುಂಚೆ ಎರಡು ಸಲ ನೋಡಿ. ಇವಲ್ಲದೆ ಸರ್ಟಿಫಿಕೇಟ್ ಇದೆ. ಬರೀ ಅಕೌಂಟಿಂಗ್ ಕೋರ್ಸ್‌ಗಳು, ಇಂಗ್ಲಿಷ್-ಇತಿಹಾಸದ ಗೊಡವೆ ಇಲ್ಲ.

1. ನಿಮ್ಮ ವೀಸಾ ಸ್ಟೇಟಸ್ ಏನು ಅನುಮತಿಸುತ್ತದೆ?

ಎಚ್-4ನಲ್ಲಿ ಇರುವವರು ಸ್ಟೇಟಸ್ ಬದಲಿಸದೆಯೇ ಓದಬಹುದು. ಪಾರ್ಟ್ ಟೈಮ್ ಆದರೂ ಸರಿ, ಫುಲ್ ಟೈಮ್ ಆದರೂ ಸರಿ. ಆದರೆ ಕೆಲಸ ಮಾಡಲು ಇಎಡಿ, ಅಂದರೆ ಕೆಲಸದ ಪರವಾನಗಿ ಕಾರ್ಡ್ ಬೇಕೇ ಬೇಕು. ಅದು 2015ರಿಂದ ಸಿಗುತ್ತಿದೆ, ಎಲ್ಲರಿಗೂ ಅಲ್ಲ. ಎಚ್-1ಬಿಯಲ್ಲಿರುವ ಗಂಡನಿಗೋ ಹೆಂಡತಿಗೋ ಐ-140, ಅಂದರೆ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಆಧಾರದ ಮೇಲೆ ಎಚ್-1ಬಿಯ ಆರು ವರ್ಷದ ಮಿತಿ ದಾಟಿ ಎಕ್ಸ್‌ಟೆನ್ಷನ್ ಸಿಕ್ಕಿರಬೇಕು. ಓದು ಮುಗಿದ ಮೇಲೆ ಕಾಲೇಜು ನಿಮಗೆ ಕೆಲಸದ ಅನುಮತಿ ಕೊಡಿಸುವುದಿಲ್ಲ. ಓಪಿಟಿ, ಅಂದರೆ ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸದ ಅನುಮತಿ, ಸಿಗುವುದು ಎಫ್-1 ವೀಸಾದ ವಿದ್ಯಾರ್ಥಿಗಳಿಗೆ ಮಾತ್ರ.

ಹಾಗಾಗಿ ಇಎಡಿ ಯಾವಾಗ ಬರಬಹುದು ಎಂಬ ಅಂದಾಜೇ ಇಲ್ಲದಿದ್ದರೆ ಆತುರ ಬೇಡ. ಓದಿ ನಾಲ್ಕು ವರ್ಷ ಸುಮ್ನೆ ಕೂತರೆ ರೆಸ್ಯೂಮೆಯಲ್ಲಿ ಆ ಖಾಲಿ ಜಾಗವೇ ಮೊದಲು ಕಣ್ಣಿಗೆ ಬೀಳುತ್ತದೆ. ಇಎಡಿಗೆ ಅರ್ಜಿ ಹಾಕುವ ಹೊತ್ತಿಗೆ ಕೋರ್ಸ್ ಮುಗಿಯುವಂತೆ ನೋಡಿಕೊಳ್ಳಿ. ಇನ್ನೊಂದು ವಿಷಯ: 2025ರ ಅಕ್ಟೋಬರ್ 30ರಿಂದ ಈಚೆಗೆ ಹಾಕಿದ ರಿನ್ಯೂವಲ್ ಅರ್ಜಿಗಳಿಗೆ ಹಳೆಯ ಕಾರ್ಡಿನ ಅವಧಿ ತಾನಾಗಿ ಮುಂದುವರಿಯುವ ಸೌಲಭ್ಯ ತೆಗೆದುಹಾಕಿದ್ದಾರೆ. ಹೊಸ ಕಾರ್ಡ್ ತಡವಾದರೆ ಮಧ್ಯದಲ್ಲಿ ಕೆಲಸ ನಿಲ್ಲಿಸಬೇಕಾಗುತ್ತದೆ. ಸಂಬಳದ ಲೆಕ್ಕ ಹಾಕುವಾಗ ವರ್ಷಕ್ಕೆ ಹನ್ನೆರಡು ತಿಂಗಳು ಎಂದು ಕಣ್ಣು ಮುಚ್ಚಿ ಬರೆದುಕೊಳ್ಳಬೇಡಿ.

ಕಂಪನಿಯೇ ಇಲ್ಲಿಗೆ ವರ್ಗ ಮಾಡಿದವರ (ಎಲ್-1) ಜೊತೆ ಬಂದು ಎಲ್-2ನಲ್ಲಿರುವ ಸಂಗಾತಿಗಳಿಗೆ ಈ ಕಷ್ಟ ಇಲ್ಲ. 2021ರ ನವೆಂಬರ್‌ನಿಂದ ಅವರಿಗೆ ಸ್ಟೇಟಸ್ ಜೊತೆಗೇ ಕೆಲಸದ ಹಕ್ಕು ಇದೆ. ದೇಶದೊಳಗೆ ಬಂದಾಗ ಕೊಡುವ ಐ-94 ದಾಖಲೆಯಲ್ಲಿ 'ಎಲ್-2ಎಸ್' ಎಂದಿದೆಯಾ ನೋಡಿಕೊಳ್ಳಿ.

ಮಕ್ಕಳನ್ನು ಓದಿಸುವವರಿಗೆ ಒಂದು ಎಚ್ಚರಿಕೆ. ಎಚ್-4 ಮಕ್ಕಳು 21 ತುಂಬಿದ ದಿನ ಆ ಸ್ಟೇಟಸ್‌ನಿಂದ ಹೊರಬೀಳುತ್ತಾರೆ. ಎರಡು ವರ್ಷ ಕಮ್ಯುನಿಟಿ ಕಾಲೇಜು, ಎರಡು ವರ್ಷ ಯೂನಿವರ್ಸಿಟಿ ಎಂದು ಯೋಜನೆ ಹಾಕಿದರೆ ಈ ಹುಟ್ಟುಹಬ್ಬ ಸರಿಯಾಗಿ ಎರಡನೇ ಭಾಗದಲ್ಲಿ ಬರುತ್ತದೆ. ಎಫ್-1ಗೆ ಬದಲಾದರೆ ಸ್ಥಳೀಯರ ಫೀಸ್ ಕೈತಪ್ಪಬಹುದು. ವಕೀಲರನ್ನು ಕೇಳುವುದಿದ್ದರೆ ಮಗುವಿಗೆ 18 ಇದ್ದಾಗಲೇ ಕೇಳಿ.

2. ಊರಿನ ಡಿಗ್ರಿಯನ್ನು ಮೊದಲು ತೂಗಿಸಿ

ಬಹಳ ಜನ ಈ ಹೆಜ್ಜೆ ಬಿಟ್ಟು ನೇರ ಅಡ್ಮಿಷನ್‌ಗೆ ಹೋಗುತ್ತಾರೆ. ದುಡ್ಡು ಪೋಲಾಗುವುದು ಇಲ್ಲೇ. ಬಿ.ಕಾಂ ಡಿಗ್ರಿಯನ್ನು ಅಮೆರಿಕದ ಕ್ರೆಡಿಟ್‌ಗೆ ಹೋಲಿಸಿ ವರದಿ ಕೊಡುವ ಸಂಸ್ಥೆಗಳಿವೆ. ಇದಕ್ಕೆ ಕ್ರೆಡೆನ್ಷಿಯಲ್ ಇವ್ಯಾಲ್ಯುಯೇಷನ್ ಎನ್ನುತ್ತಾರೆ. ಡಬ್ಲ್ಯುಇಎಸ್ ಅವುಗಳಲ್ಲಿ ಹೆಚ್ಚು ಪರಿಚಿತ. 'ಕೋರ್ಸ್-ಬೈ-ಕೋರ್ಸ್' ವರದಿಯನ್ನೇ ಕೇಳಿ. ಒಂದೊಂದು ವಿಷಯಕ್ಕೂ ಎಷ್ಟು ಕ್ರೆಡಿಟ್ ಎಂದು ಅದರಲ್ಲಿ ಇರುತ್ತದೆ.

ನಮ್ಮ ಮೂರು ವರ್ಷದ ಬಿ.ಕಾಂ ಅನ್ನು ಎಲ್ಲರೂ ಒಂದೇ ಥರ ನೋಡುವುದಿಲ್ಲ. ಕೆಲವರು ಮೂರು ವರ್ಷದ ಓದು, ಸುಮಾರು 90 ಕ್ರೆಡಿಟ್ ಎನ್ನುತ್ತಾರೆ. ಇನ್ನು ಕೆಲವರು ಕಾಲೇಜಿನ ನ್ಯಾಕ್ ಗ್ರೇಡ್, ನಿಮ್ಮ ಕ್ಲಾಸ್ ನೋಡಿ ಪೂರ್ತಿ ಬ್ಯಾಚುಲರ್ ಡಿಗ್ರಿಗೆ ಸಮ ಎನ್ನುತ್ತಾರೆ. ಎಂ.ಕಾಂ ಅಥವಾ ಎಂಬಿಎ ಕೂಡ ಇದ್ದರೆ ನಿಮ್ಮ ಕೈ ಇನ್ನೂ ಮೇಲು. 90 ಎಂದರೂ ಯೋಚಿಸಿ: ನಿಮ್ಮ ಬಳಿ ಆಗಲೇ 90 ಇದೆ, ಮತ್ತೆ 60ರ ಡಿಗ್ರಿಯನ್ನು ಸೊನ್ನೆಯಿಂದ ಯಾಕೆ ಶುರು ಮಾಡಬೇಕು?

ಈ ವರದಿಗೆ ಬೇಕಾದ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಗಳ ಅಧಿಕೃತ ದಾಖಲೆ, ಬರಬೇಕಿರುವುದು ಯೂನಿವರ್ಸಿಟಿಯಿಂದ, ನೀವು ಓದಿದ ಕಾಲೇಜಿನಿಂದ ಅಲ್ಲ. ಬೆಂಗಳೂರಿನ ಹಲವು ಕಾಲೇಜುಗಳು ಈಗ ಬೇರೆ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಮೇಲೆ ಯಾವ ವಿವಿಯ ಹೆಸರಿದೆಯೋ ಅಲ್ಲಿಗೇ ಅರ್ಜಿ ಹೋಗಬೇಕು. ಊರಿಗೆ ರಜೆಗೆ ಹೋದಾಗ ಮಾಡಿಸೋಣ ಎಂದುಕೊಂಡರೆ ಎರಡು ವಾರ ಸಾಲುವುದಿಲ್ಲ. ಅಲ್ಲಿರುವ ತಮ್ಮನಿಗೋ ಅಣ್ಣನಿಗೋ ಅಧಿಕಾರ ಪತ್ರ ಕೊಟ್ಟು ಓಡಾಡಿಸುವುದೇ ವಾಸಿ.

ಹೆಸರಿನ ತೊಂದರೆ ನಮ್ಮವರಿಗೆ ಜಾಸ್ತಿ. ಮಾರ್ಕ್ಸ್ ಕಾರ್ಡಿನಲ್ಲಿ 'ಸವಿತಾ ಬಿ.ಆರ್.' ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿರುತ್ತವೆ, ಇಲ್ಲವೇ ಗಂಡನ ಹೆಸರು ಬಂದಿರುತ್ತದೆ. ಎರಡೂ ಒಬ್ಬರೇ ಎಂಬ ಅಫಿಡವಿಟ್ ಅಥವಾ ಮದುವೆ ಸರ್ಟಿಫಿಕೇಟ್ ಮೊದಲೇ ತೆಗೆದಿಟ್ಟುಕೊಳ್ಳಿ.

3. ಯಾವ ಕೆಲಸ ಬೇಕು ಎಂದು ತೀರ್ಮಾನಿಸಿ

ಅಕೌಂಟಿಂಗ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಕಾಲೇಜಿನ ಬ್ರೋಷರ್‌ಗಳು ಇವೆರಡನ್ನೂ ಕಲಸಿಬಿಡುತ್ತವೆ.

ಮೊದಲನೆಯದು ಬುಕ್‌ಕೀಪರ್, ಅಕೌಂಟಿಂಗ್ ಕ್ಲರ್ಕ್, ಎಪಿ-ಎಆರ್ ಕ್ಲರ್ಕ್. ಎಪಿ ಎಂದರೆ ಕಂಪನಿ ಕೊಡಬೇಕಾದ ಬಿಲ್ಲುಗಳನ್ನು ನೋಡಿಕೊಳ್ಳುವುದು, ಎಆರ್ ಎಂದರೆ ಬರಬೇಕಾದ ಬಾಕಿ. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಮೇ ಲೆಕ್ಕದಂತೆ ಇವರ ಮಧ್ಯಮ ಸಂಬಳ ವರ್ಷಕ್ಕೆ 49,210 ಡಾಲರ್. ಅರ್ಧ ಜನಕ್ಕೆ ಇದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಡಿಮೆ. ಎರಡನೆಯದು ಅಕೌಂಟೆಂಟ್ ಮತ್ತು ಆಡಿಟರ್. ಅವರದ್ದು 81,680 ಡಾಲರ್.

ಇವೆರಡರ ನಡುವಿನ 32 ಸಾವಿರ ಚಿಲ್ಲರೆಯನ್ನು ಅಸೋಸಿಯೇಟ್ ಡಿಗ್ರಿ ದಾಟಿಸುವುದಿಲ್ಲ. ಅದೇ ಇಲಾಖೆಯ ಪ್ರಕಾರ ಅಕೌಂಟೆಂಟ್ ಕೆಲಸಕ್ಕೆ ಸಾಮಾನ್ಯವಾಗಿ ಕೇಳುವುದು ಬ್ಯಾಚುಲರ್ ಡಿಗ್ರಿ. ಕ್ಲರ್ಕ್ ಕೆಲಸಕ್ಕೆ ಸ್ವಲ್ಪ ಕಾಲೇಜು ಓದಿದ್ದರೆ ಸಾಕು, ಡಿಗ್ರಿಯೇ ಬೇಕೆಂದಿಲ್ಲ. ಅಂದರೆ ಕ್ಲರ್ಕ್ ಕೆಲಸಕ್ಕೆ ಈ ಡಿಗ್ರಿ ಅಗತ್ಯಕ್ಕಿಂತ ಜಾಸ್ತಿ, ಅಕೌಂಟೆಂಟ್ ಕೆಲಸಕ್ಕೆ ಕಡಿಮೆ. ಜೊತೆಗೆ ಸಾಫ್ಟ್‌ವೇರ್‌ನಿಂದಾಗಿ ಕ್ಲರ್ಕ್ ಕೆಲಸಗಳು ಇಳಿಯುತ್ತಿವೆ. 2024ರಿಂದ 2034ರ ನಡುವೆ ಸುಮಾರು ಶೇ. 6ರಷ್ಟು ಕಡಿಮೆಯಾಗುತ್ತವೆ ಎಂದು ಇಲಾಖೆಯ ಅಂದಾಜು. ಅಕೌಂಟೆಂಟ್‌ಗಳದ್ದು ಸುಮಾರು ಶೇ. 5ರಷ್ಟು ಏರುತ್ತದಂತೆ.

ಹಾಗಂತ ಕ್ಲರ್ಕ್ ಕೆಲಸ ಬೇಡ ಎನ್ನುತ್ತಿಲ್ಲ. ಇಲ್ಲಿನ ಅನುಭವವೇ ಇಲ್ಲದವರಿಗೆ ಒಳಗೆ ಕಾಲಿಡಲು ಅದೇ ಬಾಗಿಲು. ಬಿ.ಕಾಂ ಇರುವವರು ಅಲ್ಲಿ ಒಂದೆರಡು ವರ್ಷ ಇದ್ದು ಸ್ಟಾಫ್ ಅಕೌಂಟೆಂಟ್ ಆಗುವುದು ಸಾಧ್ಯ. ಬ್ಯಾಚುಲರ್‌ಗೆ ಸಮ ಎಂಬ ವರದಿ ಆಗ ಕೆಲಸಕ್ಕೆ ಬರುತ್ತದೆ.

ಸುಮ್ನೆ ಊಹೆಯ ಮೇಲೆ ಹೋಗಬೇಡಿ. ಒಂದು ಸಂಜೆ ಕೂತು ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗಿನ ಅಕೌಂಟಿಂಗ್ ಕೆಲಸಗಳ ಜಾಹೀರಾತು ಓದಿ. ಹತ್ತರಲ್ಲಿ ಎಷ್ಟು ಜಾಹೀರಾತು 'ಅಸೋಸಿಯೇಟ್ ಡಿಗ್ರಿ ಬೇಕು' ಎನ್ನುತ್ತವೆ, ಎಷ್ಟು ಕ್ವಿಕ್‌ಬುಕ್ಸ್ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಎಕ್ಸೆಲ್, ಒಂದು ವರ್ಷದ ಅನುಭವ ಕೇಳುತ್ತವೆ ಎಂದು ಗೀಟು ಹಾಕಿ ಎಣಿಸಿ. ಕೌನ್ಸೆಲರ್ ಮಾತಿಗಿಂತ ಈ ಗೀಟುಗಳನ್ನು ನಂಬಬಹುದು.

4. ನಿಜವಾದ ಖರ್ಚು

ಕಾಲೇಜ್ ಬೋರ್ಡ್ ಸಂಸ್ಥೆಯ ಲೆಕ್ಕದಲ್ಲಿ 2024-25ರಲ್ಲಿ ಎರಡು ವರ್ಷದ ಸರ್ಕಾರಿ ಕಾಲೇಜಿನ ಸರಾಸರಿ ಫೀಸ್ ವರ್ಷಕ್ಕೆ 4,050 ಡಾಲರ್. ಇದು ಸ್ಥಳೀಯರಿಗೆ. ಅದೇ ರಾಜ್ಯದ ನಾಲ್ಕು ವರ್ಷದ ಸರ್ಕಾರಿ ಯೂನಿವರ್ಸಿಟಿಯದ್ದು 11,610 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಕಡಿಮೆ: ಒಂದು ಯೂನಿಟ್‌ಗೆ, ಅಂದರೆ ಕ್ರೆಡಿಟ್‌ಗೆ, 46 ಡಾಲರ್. ಅರವತ್ತಕ್ಕೆ 2,760.

ಕೂಪರ್ಟಿನೊದ ಡಿ ಆಂಜಾ ಕಾಲೇಜಿನಲ್ಲಿ ಯೂನಿಟ್‌ಗೆ 31 ಡಾಲರ್ ಎಂದು ನೋಡಿ ಅದು ಇನ್ನೂ ಅಗ್ಗ ಎಂದುಕೊಳ್ಳುವವರಿದ್ದಾರೆ. ಅಲ್ಲಿ ಕ್ವಾರ್ಟರ್ ಪದ್ಧತಿ. ಒಂದು ಕ್ವಾರ್ಟರ್ ಯೂನಿಟ್ ಎಂದರೆ ಸೆಮಿಸ್ಟರ್ ಯೂನಿಟ್‌ನ ಮೂರನೇ ಎರಡು ಭಾಗ. ಡಿಗ್ರಿಗೆ 90 ಬೇಕು. 90ನ್ನು 31ರಿಂದ ಗುಣಿಸಿದರೆ 2,790. ಅಲ್ಲಿಗೆ ಅಲ್ಲೇ. ಮುಂದೆ ಸಿಪಿಎಗೆ (ನಮ್ಮ ಸಿಎ ಥರದ ಪರವಾನಗಿ) ಕ್ರೆಡಿಟ್ ಎಣಿಸುವಾಗ ಇದನ್ನು ಮರೆತರೆ ಲೆಕ್ಕ ಪೂರ್ತಿ ತಪ್ಪುತ್ತದೆ.

'ಸ್ಥಳೀಯರು' ಯಾರು ಎನ್ನುವುದೇ ದೊಡ್ಡ ಪ್ರಶ್ನೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ವಾಸವಿದ್ದು, ಅಲ್ಲೇ ನೆಲೆಸುವ ಉದ್ದೇಶವನ್ನು ಕಾಗದದಲ್ಲಿ ತೋರಿಸಬೇಕು. ಎಚ್-4ನವರು ಇದನ್ನು ಮಾಡಬಹುದು. ಎಫ್-1ನವರಿಗೆ ಸಾಮಾನ್ಯವಾಗಿ ಆಗುವುದಿಲ್ಲ, ಅವರ ಫೀಸ್ ಹಲವು ಪಟ್ಟು. ಊರಿಂದ ನೇರವಾಗಿ ಎಫ್-1 ಮೇಲೆ ಕಮ್ಯುನಿಟಿ ಕಾಲೇಜಿಗೆ ಬರುವ ಯೋಚನೆ ಇರುವವರು ಈ ಲೇಖನದ ಅಗ್ಗದ ಅಂಕಿಗಳನ್ನು ಮರೆತುಬಿಡಿ. ಟೆಕ್ಸಾಸ್‌ನಲ್ಲಿ ರಾಜ್ಯದ ಜೊತೆ ಕೌಂಟಿಯೂ ಲೆಕ್ಕಕ್ಕೆ ಬರುತ್ತದೆ. ನಮ್ಮವರು ತುಂಬಿರುವ ಫ್ರಿಸ್ಕೊ ಊರು ಕಾಲಿನ್ ಮತ್ತು ಡೆಂಟನ್ ಎರಡೂ ಕೌಂಟಿಗಳಲ್ಲಿ ಹಬ್ಬಿದೆ. ಕಾಲಿನ್ ಕಾಲೇಜಿನ ಕಡಿಮೆ ದರ ಕಾಲಿನ್ ಕೌಂಟಿಯವರಿಗೆ. ಒಂದೇ ಊರಿನಲ್ಲಿದ್ದರೂ ಡೆಂಟನ್ ಕಡೆಯ ಮನೆಯವರು ಜಾಸ್ತಿ ಕಟ್ಟುತ್ತಾರೆ.

ಪುಸ್ತಕದ್ದು ಇನ್ನೊಂದು ಕಥೆ. ಹಳೇ ಪುಸ್ತಕ ಕೊಂಡು ಉಳಿಸೋಣ ಎಂದರೆ ಆಗುವುದಿಲ್ಲ. ಹೋಂವರ್ಕ್ ಆನ್‌ಲೈನ್‌ನಲ್ಲಿರುತ್ತದೆ, ಅದಕ್ಕೆ ಆಕ್ಸೆಸ್ ಕೋಡ್ ಹೊಸದೇ ಬೇಕು, ಒಬ್ಬರು ಬಳಸಿದ್ದು ಇನ್ನೊಬ್ಬರಿಗೆ ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಟೈಮ್‌ಟೇಬಲ್‌ಗಳಲ್ಲಿ 'ಝಡ್‌ಟಿಸಿ' ಎಂಬ ಗುರುತಿರುವ ಕ್ಲಾಸ್ ಹುಡುಕಿ. ಅಂಥ ಕ್ಲಾಸ್‌ಗೆ ಪುಸ್ತಕದ ಖರ್ಚಿಲ್ಲ. ಓಪನ್‌ಸ್ಟಾಕ್ಸ್‌ನ ಅಕೌಂಟಿಂಗ್ ಪುಸ್ತಕದ ಎರಡೂ ಸಂಪುಟಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಸೇರುವ ಮುಂಚೆ ಮೊದಲ ಆರು ಅಧ್ಯಾಯ ಓದಿ ನೋಡಿ. ಬಿ.ಕಾಂನವರಿಗೆ ಅದರಲ್ಲಿ ಹೊಸದು ಎಷ್ಟಿದೆ ಎಂಬುದು ಬೇಗ ಗೊತ್ತಾಗುತ್ತದೆ.

5. ಸಹಾಯಧನ ಮತ್ತು ಟ್ಯಾಕ್ಸ್

ಎಚ್-4, ಎಲ್-2, ಎಫ್-1 ಯಾರಿಗೂ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಇಲ್ಲ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಬೇಕು. ಗ್ರೀನ್ ಕಾರ್ಡ್ ಬಂತು, ಇನ್ನು ಪೆಲ್ ಗ್ರಾಂಟ್ ಸಿಗುತ್ತದೆ ಎಂದುಕೊಂಡವರಿಗೂ ಒಂದು ಅಡ್ಡಿ ಇದೆ. ಪೆಲ್ ಎಂದರೆ ವಾಪಸ್ ಕೊಡಬೇಕಾಗಿಲ್ಲದ ನೆರವು, 2025-26ರಲ್ಲಿ ಗರಿಷ್ಠ 7,395 ಡಾಲರ್. ಆದರೆ ಅದು ಇನ್ನೂ ಬ್ಯಾಚುಲರ್ ಡಿಗ್ರಿ ಪಡೆಯದವರಿಗೆ. ಹೊರದೇಶದ ಡಿಗ್ರಿಯನ್ನೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ನೆರವು ಸಿಗಲಿ ಎಂದು ಬಿ.ಕಾಂ ಮುಚ್ಚಿಡುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಫಾರ್ಮಿನಲ್ಲಿ ಸುಳ್ಳು ಬರೆದರೆ ಆಮೇಲೆ ಪೌರತ್ವದ ಅರ್ಜಿಯಲ್ಲಿ ಅದು ತಿರುಗಿ ಬರಬಹುದು.

ಟ್ಯಾಕ್ಸ್ ಕಡೆಯಿಂದ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಇದೆ. ಫೀಸ್‌ನ ಶೇ. 20, ಗರಿಷ್ಠ 2,000 ಡಾಲರ್, ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುತ್ತದೆ. ಒಂದೇ ಕೋರ್ಸ್ ಮಾಡಿದರೂ ಸಿಗುತ್ತದೆ. ಜಂಟಿ ರಿಟರ್ನ್ ಹಾಕುವ ದಂಪತಿಯ ಆದಾಯ 1,60,000 ಡಾಲರ್ ದಾಟಿದರೆ ಕಡಿಮೆಯಾಗುತ್ತ ಹೋಗಿ 1,80,000ಕ್ಕೆ ಸೊನ್ನೆ. ಸಾಫ್ಟ್‌ವೇರ್‌ನವರ ಮನೆಗಳಲ್ಲಿ ಬಹಳಷ್ಟು ಸಲ ಇದು ಸೊನ್ನೆಯೇ. ಕಟ್ಟಿದ ಫೀಸ್ ತೋರಿಸಿ ಕಾಲೇಜು ಕಳಿಸುವ 1098-ಟಿ ಫಾರ್ಮ್ ಎತ್ತಿಡಿ.

6. ಹಾಕಿದ್ದು ಯಾವಾಗ ವಾಪಸ್ ಬರುತ್ತದೆ?

ಈಗ ಕಾಗದ-ಪೆನ್ನು ತೆಗೆದುಕೊಳ್ಳಿ. ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ಟೆಕ್ಸಾಸ್‌ನಲ್ಲಿರುವ, ಇಎಡಿ ಇರುವ, ಎರಡು ವರ್ಷದ ಮಗುವಿನ ತಾಯಿ ಎಂದಿಟ್ಟುಕೊಳ್ಳಿ. ಫೀಸ್‌ಗೆ ದೇಶದ ಸರಾಸರಿ ಹಿಡಿದಿದ್ದೇನೆ. ಪುಸ್ತಕ, ಡೇಕೇರ್ ಮತ್ತು ಶುರುವಿನ ಸಂಬಳದ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮದನ್ನು ನೀವು ಹಾಕಿಕೊಳ್ಳಿ.

ಪೂರ್ತಿ ಡಿಗ್ರಿ ಮಾಡಿದರೆ: ಎರಡು ವರ್ಷದ ಫೀಸ್ 8,100. ಇಪ್ಪತ್ತು ಕೋರ್ಸ್‌ಗೆ ಪುಸ್ತಕ, ಕೋಡ್ ತಲಾ 100ರಂತೆ 2,000. ಕ್ಲಾಸ್ ಇರುವಾಗ ಅರ್ಧ ದಿನದ ಡೇಕೇರ್ ತಿಂಗಳಿಗೆ 800ರಂತೆ 20 ತಿಂಗಳಿಗೆ 16,000. ಒಟ್ಟು 26,100 ಡಾಲರ್.

ಕೆಲಸ ಸಿಕ್ಕಿತು. ಶುರುವಿನಲ್ಲಿ ಗಂಟೆಗೆ 20 ಡಾಲರ್ ಎನ್ನೋಣ. ವರ್ಷಕ್ಕೆ 2,080 ಗಂಟೆ, ಅಂದರೆ 41,600. ಸೋಷಿಯಲ್ ಸೆಕ್ಯೂರಿಟಿ ಮತ್ತು ಮೆಡಿಕೇರ್‌ಗೆ ಶೇ. 7.65, ಸುಮಾರು 3,182 ಹೋಯಿತು. ಇನ್‌ಕಮ್ ಟ್ಯಾಕ್ಸ್‌ನಲ್ಲಿ ನಿಮ್ಮ ಸಂಬಳ ಗಂಡನ ಸಂಬಳದ ಮೇಲೆ ಕೂರುತ್ತದೆ. ಅವರು ಶೇ. 22ರ ಹಂತದಲ್ಲಿದ್ದರೆ ನಿಮ್ಮ ಮೊದಲ ಡಾಲರ್‌ಗೂ ಶೇ. 22. ಅದು 9,152. ಉಳಿದದ್ದು 29,266. ಈಗ ಪೂರ್ತಿ ದಿನದ ಡೇಕೇರ್ ತಿಂಗಳಿಗೆ 1,500 ಎಂದರೆ ವರ್ಷಕ್ಕೆ 18,000. ಕೈಗೆ ಬಂದದ್ದು 11,266 ಡಾಲರ್. ಟೆಕ್ಸಾಸ್‌ನಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದವರು ಅದನ್ನೂ ಕಳೆಯಬೇಕು. ಮಕ್ಕಳ ಆರೈಕೆಯ ಟ್ಯಾಕ್ಸ್ ಕ್ರೆಡಿಟ್ ಸ್ವಲ್ಪ ಹಿಂದಿರುಗಿಸುತ್ತದೆ, ಅದನ್ನು ಇಲ್ಲಿ ಸೇರಿಸಿಲ್ಲ.

26,100 ಹಾಕಿ ವರ್ಷಕ್ಕೆ 11,266ರಂತೆ ಬಂದರೆ ಅಸಲು ಹುಟ್ಟಲು ಎರಡು ವರ್ಷ ನಾಲ್ಕು ತಿಂಗಳು ಬೇಕು. ಓದಿನ ಎರಡು ವರ್ಷ ಬೇರೆ.

ಅದೇ ತಾಯಿ ಬಿ.ಕಾಂ ಮಾಡಿದವರು, ಐದೇ ಕೋರ್ಸ್ ಮಾಡುತ್ತಾರೆ ಎನ್ನಿ. ಫೀಸ್ 2,025, ಪುಸ್ತಕ 500, ಡೇಕೇರ್ ಐದು ತಿಂಗಳಿಗೆ 4,000. ಒಟ್ಟು 6,525. ಅದೇ ಕೆಲಸ, ಅದೇ ಸಂಬಳವಾದರೆ ಏಳು ತಿಂಗಳಲ್ಲಿ ವಾಪಸ್. ಕ್ಲರ್ಕ್ ಕೆಲಸಕ್ಕೆ ಡಿಗ್ರಿ ಕಡ್ಡಾಯ ಅಲ್ಲ ಎಂದು ಮೇಲೆ ಹೇಳಿದ್ದು ಇದಕ್ಕೇ.

ಎರಡೂ ಲೆಕ್ಕದಲ್ಲಿ ಫೀಸ್‌ಗಿಂತ ಡೇಕೇರ್ ದೊಡ್ಡದು, ಅಲ್ವಾ? ಮಗು ಕಿಂಡರ್‌ಗಾರ್ಟನ್‌ಗೆ ಹೋಗುವ ವರ್ಷಕ್ಕೆ ಕೆಲಸ ಶುರುವಾಗುವಂತೆ ಓದನ್ನು ಇಟ್ಟುಕೊಂಡರೆ, ಬೇರೇನೂ ಬದಲಿಸದೆಯೇ ಕೈಗೆ ಬರುವುದು ಇಮ್ಮಡಿಯನ್ನೂ ದಾಟಬಹುದು. ಅಲ್ಲಿಯವರೆಗೆ ರಾತ್ರಿ ಆನ್‌ಲೈನ್ ಕ್ಲಾಸ್ ತೆಗೆದುಕೊಂಡರೆ ಓದಿನ ಅವಧಿಯ ಡೇಕೇರೂ ಉಳಿಯುತ್ತದೆ. ಅಮ್ಮ-ಅತ್ತೆ ಆರು ತಿಂಗಳು ಬಂದಿರುತ್ತಾರಲ್ಲ, ಆಗ ಎರಡು ಕೋರ್ಸ್ ಮುಗಿಸುತ್ತೇನೆ ಎನ್ನುವವರೂ ಇದ್ದಾರೆ. ಒಳ್ಳೆಯ ಉಪಾಯವೇ, ಅವರನ್ನು ಕೇಳಿ ಮಾಡಿ.

ಹೈಸ್ಕೂಲ್ ಮುಗಿಸಿದ ಮಕ್ಕಳ ಲೆಕ್ಕ ಸರಳ. ಮೊದಲ ಎರಡು ವರ್ಷ ಯೂನಿವರ್ಸಿಟಿ ಬದಲು ಇಲ್ಲಿ ಓದಿದರೆ ಸರಾಸರಿ ಫೀಸ್‌ನಲ್ಲೇ 15,120 ಡಾಲರ್ ಉಳಿತಾಯ, ಹಾಸ್ಟೆಲ್ ಊಟ ಬೇರೆ. ಷರತ್ತು ಒಂದೇ: ಕ್ರೆಡಿಟ್ ಎಲ್ಲವೂ ಮುಂದಕ್ಕೆ ಹೋಗಬೇಕು.

7. ಮುಂದಿನ ಬಾಗಿಲು ತೆರೆದಿದೆಯಾ ನೋಡಿ

ಹೋಗಬೇಕೆಂದಿರುವ ಯೂನಿವರ್ಸಿಟಿ ಈ ಕಾಲೇಜಿನ ಯಾವ ಕೋರ್ಸನ್ನು ಯಾವುದಕ್ಕೆ ಸಮ ಎಂದು ಒಪ್ಪುತ್ತದೆ ಎಂಬ ಪಟ್ಟಿ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಸಿಗುತ್ತದೆ. ಟೆಕ್ಸಾಸ್‌ನಲ್ಲಿ ಕಮ್ಯುನಿಟಿ ಕಾಲೇಜುಗಳ ಕೋರ್ಸ್ ಸಂಖ್ಯೆಗಳೇ ರಾಜ್ಯಾದ್ಯಂತ ಒಂದೇ. ಎಸಿಸಿಟಿ 2301 ಮತ್ತು 2302 ಎಂದರೆ ಫೈನಾನ್ಷಿಯಲ್ ಮತ್ತು ಮ್ಯಾನೇಜೀರಿಯಲ್ ಅಕೌಂಟಿಂಗ್. "ಟ್ರಾನ್ಸ್‌ಫರ್ ಆಗುತ್ತೆ" ಎಂದು ಫೋನಿನಲ್ಲಿ ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ. ಕ್ರೆಡಿಟ್ ಸಿಗುವುದು ಒಂದು, ಅದು ಮೇಜರ್‌ಗೆ, ಅಂದರೆ ಡಿಗ್ರಿಯ ಮುಖ್ಯ ವಿಷಯಕ್ಕೆ, ಲೆಕ್ಕವಾಗುವುದು ಇನ್ನೊಂದು. ಇಮೇಲ್‌ನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಸಿಪಿಎ ಕಡೆ ಮನಸ್ಸಿದ್ದರೆ ಸ್ವಲ್ಪ ವಿವರವಾಗಿ ನೋಡಬೇಕು. ಸಿಪಿಎ ಎಂದರೆ ಇಲ್ಲಿನ ಸಿಎ ಎನ್ನಬಹುದು. ಪರವಾನಗಿ ಕೊಡುವುದು ಆಯಾ ರಾಜ್ಯದ ಬೋರ್ಡ್. 2024ರಿಂದ ಪರೀಕ್ಷೆಯ ರೂಪ ಬದಲಾಗಿದೆ: ಎಲ್ಲರಿಗೂ ಮೂರು ಪೇಪರ್, ಆಯ್ಕೆಯದ್ದು ಒಂದು, ಪಾಸಾಗಲು 75. ಬಹಳ ವರ್ಷಗಳಿಂದ 150 ಕ್ರೆಡಿಟ್ ಕಡ್ಡಾಯ ಎಂದಿತ್ತು. 2025ರ ಜನವರಿಯಲ್ಲಿ ಒಹಾಯೊ ಇದಕ್ಕೆ ಬದಲಿ ದಾರಿ ತೆರೆಯಿತು. ಬ್ಯಾಚುಲರ್ ಡಿಗ್ರಿ, ಎರಡು ವರ್ಷದ ಅನುಭವ ಮತ್ತು ಪರೀಕ್ಷೆ ಇದ್ದರೆ ಸಾಕು. ಆಮೇಲೆ ಟೆಕ್ಸಾಸ್, ವರ್ಜೀನಿಯಾ, ಕ್ಯಾಲಿಫೋರ್ನಿಯಾ ಸೇರಿ ಹಲವು ರಾಜ್ಯಗಳು ಅದೇ ದಾರಿ ಹಿಡಿದಿವೆ. ಜಾರಿಯ ದಿನಾಂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಹಳೇ ಲೇಖನ ಓದಿಕೊಂಡು 150ರ ಹಿಂದೆ ಓಡುವ ಮುಂಚೆ ಬೋರ್ಡಿನ ವೆಬ್‌ಸೈಟ್ ನೋಡಿ.

ಬಿ.ಕಾಂನವರಿಗೆ ಕಮ್ಯುನಿಟಿ ಕಾಲೇಜು ನಿಜವಾಗಿ ಹೊಳೆಯುವುದು ಇಲ್ಲಿ. ಬೋರ್ಡುಗಳು ನಿರ್ದಿಷ್ಟ ಅಕೌಂಟಿಂಗ್ ವಿಷಯಗಳಲ್ಲಿ ಇಷ್ಟು ಕ್ರೆಡಿಟ್ ಬೇಕು ಎನ್ನುತ್ತವೆ. ಕೊರತೆ ಇರುವಷ್ಟನ್ನು ಅಗ್ಗವಾಗಿ ತುಂಬಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ಬೋರ್ಡ್ ಕಮ್ಯುನಿಟಿ ಕಾಲೇಜಿನ ಅಕೌಂಟಿಂಗ್ ಕ್ರೆಡಿಟ್ ಒಪ್ಪುತ್ತದೆ. ಟೆಕ್ಸಾಸ್‌ನಲ್ಲಿ ಎಲ್ಲ ಕಾಲೇಜಿಗೂ ಮಾನ್ಯತೆ ಇಲ್ಲ, ಆಸ್ಟಿನ್ ಕಮ್ಯುನಿಟಿ ಕಾಲೇಜಿನಂಥ ಕೆಲವು ಕಡೆ ಈಗಾಗಲೇ ಡಿಗ್ರಿ ಇರುವವರಿಗೆಂದೇ ಈ ಕೋರ್ಸ್‌ಗಳಿವೆ. ಬೇರೆ ಕೆಲವು ಬೋರ್ಡುಗಳು ಮೇಲಿನ ಹಂತದ ಕೋರ್ಸ್‌ಗಳನ್ನು ಯೂನಿವರ್ಸಿಟಿಯಲ್ಲೇ ಮಾಡಿರಬೇಕು ಎನ್ನುತ್ತವೆ. ಇವ್ಯಾಲ್ಯುಯೇಷನ್ ಕೂಡ ಬೋರ್ಡ್ ಒಪ್ಪುವ ಸಂಸ್ಥೆಯಿಂದಲೇ ಆಗಬೇಕು. ಇಲ್ಲದಿದ್ದರೆ ಎರಡು ಸಲ ದುಡ್ಡು.

ಸಿಪಿಎ ದೂರ ಎನಿಸಿದರೆ ಎನ್‌ರೋಲ್ಡ್ ಏಜೆಂಟ್ ನೋಡಿ. ಟ್ಯಾಕ್ಸ್ ಇಲಾಖೆ ಐಆರ್‌ಎಸ್ ಕೊಡುವ ಪರವಾನಗಿ, ಮೂರು ಪೇಪರ್, ಯಾವ ಡಿಗ್ರಿಯನ್ನೂ ಕೇಳುವುದಿಲ್ಲ. ಟ್ಯಾಕ್ಸ್ ಕೆಲಸ ಇಷ್ಟವಿರುವವರಿಗೆ ಅಸೋಸಿಯೇಟ್ ಡಿಗ್ರಿಗಿಂತ ಇದೇ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ.

8. ಸೇರುವುದಾದರೆ ಯಾವ ಕೋರ್ಸ್, ಯಾವಾಗ

ಬಿ.ಕಾಂನವರು ಈ ಸಾಲಿನಲ್ಲಿ ಯೋಚಿಸಿ: ಇಂಟರ್‌ಮೀಡಿಯೆಟ್ ಅಕೌಂಟಿಂಗ್, ವೈಯಕ್ತಿಕ ಇನ್‌ಕಮ್ ಟ್ಯಾಕ್ಸ್, ಪೇರೋಲ್, ಕ್ವಿಕ್‌ಬುಕ್ಸ್, ಎಕ್ಸೆಲ್. ಫೈನಾನ್ಷಿಯಲ್ ಅಕೌಂಟಿಂಗ್‌ನಿಂದ ವಿನಾಯಿತಿ ಸಿಗುತ್ತದಾ ಎಂದು ವರದಿ ತೋರಿಸಿ ಕೇಳಿ. ಓದು ಬಿಟ್ಟು ಹತ್ತು ವರ್ಷ ಆಗಿದ್ದರೆ ಮಾತ್ರ ಅದನ್ನೂ ಮಾಡುವುದು ಒಳ್ಳೆಯದು. ಕ್ವಿಕ್‌ಬುಕ್ಸ್ ಕಂಪನಿಯ ಪ್ರೋಅಡ್ವೈಸರ್ ಸರ್ಟಿಫಿಕೇಷನ್ ಪುಕ್ಕಟೆ, ಮನೆಯಲ್ಲೇ ಮಾಡಿಕೊಳ್ಳಬಹುದು.

ವಿಷಯ ಹೊಸದಲ್ಲ, ಮಾತು ಹೊಸದು. ನಾವು ಪಿಯುಸಿಯಲ್ಲಿ ಪರ್ಸನಲ್, ರಿಯಲ್, ನಾಮಿನಲ್ ಎಂದು ಮೂರು ಗೋಲ್ಡನ್ ರೂಲ್ ಬಾಯಿಪಾಠ ಮಾಡಿದೆವು. ಇಲ್ಲಿ ಅದನ್ನು ಹೇಳಿದರೆ ಟೀಚರ್ ಮುಖ ನೋಡುತ್ತಾರೆ. ಆಸ್ತಿ ಎಂದರೆ ಸಾಲ ಮತ್ತು ಮಾಲೀಕರ ಪಾಲು ಕೂಡಿದ್ದು ಎಂಬ ಸಮೀಕರಣದಿಂದಲೇ ಇಲ್ಲಿ ಎಲ್ಲ ಶುರು. ನಮ್ಮ ಸಂಡ್ರಿ ಡೆಟರ್ಸ್ ಇಲ್ಲಿ ಅಕೌಂಟ್ಸ್ ರಿಸೀವಬಲ್. ಗೋಡೌನಿನ ಸ್ಟಾಕ್ ಇಲ್ಲಿ ಇನ್ವೆಂಟರಿ, ಸ್ಟಾಕ್ ಎಂದರೆ ಷೇರು. ಕೈ ತಾನಾಗಿ 1,50,000 ಎಂದು ಬರೆಯುತ್ತದೆ, ಇಲ್ಲಿ 150,000. ಇಂಟರ್‌ವ್ಯೂನ ಎಕ್ಸೆಲ್ ಟೆಸ್ಟ್‌ನಲ್ಲಿ ಆ ಒಂದು ಕಾಮಾ ಎದ್ದು ಕಾಣುತ್ತದೆ.

ಮೊದಲ ಟರ್ಮ್‌ಗೆ ಒಂದೋ ಎರಡೋ ಕೋರ್ಸ್ ಸಾಕು. ಟೈಮ್‌ಟೇಬಲ್ ಜೊತೆಗೆ ಎರಡು ದಿನಾಂಕ ಬರೆದಿಟ್ಟುಕೊಳ್ಳಿ. ಒಂದು, ಫೀಸ್ ವಾಪಸ್ ಸಿಗುವಂತೆ ಕೋರ್ಸ್ ಬಿಡಲು ಕೊನೆಯ ದಿನ. ಇನ್ನೊಂದು, ಫೀಸ್ ಹೋದರೂ ಫೇಲ್ ಬದಲು 'ಡಬ್ಲ್ಯು', ಅಂದರೆ ಮಧ್ಯದಲ್ಲಿ ಬಿಟ್ಟಿದ್ದಾರೆ ಎಂಬ ಗುರುತು ಮಾತ್ರ ಬೀಳುವ ಕೊನೆಯ ದಿನ. ಮೊದಲನೆಯದು ಕ್ಲಾಸ್ ಶುರುವಾದ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಹೇಳದೆ ಕೇಳದೆ ಕ್ಲಾಸಿಗೆ ಹೋಗುವುದು ನಿಲ್ಲಿಸಿದರೆ ಎಫ್ ಗ್ರೇಡ್ ಬೀಳುತ್ತದೆ, ಅದು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಉಳಿಯುತ್ತದೆ.

ಇನ್‌ಕಮ್ ಟ್ಯಾಕ್ಸ್ ಕೋರ್ಸನ್ನು ಆಗಸ್ಟ್‌ನ ಫಾಲ್ ಟರ್ಮ್‌ನಲ್ಲಿ ತೆಗೆದುಕೊಳ್ಳಿ. ಜನವರಿಯಿಂದ ಏಪ್ರಿಲ್ 15ರವರೆಗೆ ರಿಟರ್ನ್‌ಗಳ ಸುಗ್ಗಿ, ಆ ಸೀಸನ್‌ಗೆ ಬೇಕಾದ ಜನರನ್ನು ಆಫೀಸುಗಳು ಅದಕ್ಕೆ ಮುಂಚೆಯೇ ಹುಡುಕುತ್ತವೆ. ಇಎಡಿ ಇನ್ನೂ ಬಾರದವರು ಐಆರ್‌ಎಸ್‌ನ ವೀಟಾ ಕಾರ್ಯಕ್ರಮ ವಿಚಾರಿಸಿ. ಕಡಿಮೆ ಆದಾಯದವರ ರಿಟರ್ನನ್ನು ಸ್ವಯಂಸೇವಕರು ಪುಕ್ಕಟೆ ಮಾಡಿಕೊಡುವ ವ್ಯವಸ್ಥೆ ಅದು, ತರಬೇತಿ, ಸರ್ಟಿಫಿಕೇಷನ್ ಎರಡೂ ಉಚಿತ. ನಿಮ್ಮ ಸ್ಟೇಟಸ್‌ನಲ್ಲಿ ಅಡ್ಡಿಯಿಲ್ಲವೇ ಎಂದು ವಕೀಲರನ್ನು ಒಂದು ಮಾತು ಕೇಳಿಕೊಳ್ಳಿ. ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಖಾಸಗಿ ಆಫೀಸಿನಲ್ಲಿ "ಅನುಭವಕ್ಕೆ" ಎಂದು ಪುಕ್ಕಟೆ ಮಾಡಿಕೊಡಬೇಡಿ, ಅದು ಅನುಮತಿ ಇಲ್ಲದ ಕೆಲಸ ಎನಿಸಿಕೊಳ್ಳಬಹುದು. ಎಷ್ಟೋ ವೀಟಾ ಕೇಂದ್ರಗಳು ನಡೆಯುವುದು ಕಮ್ಯುನಿಟಿ ಕಾಲೇಜಿನಲ್ಲೋ ಲೈಬ್ರರಿಯಲ್ಲೋ. ಅಕ್ಟೋಬರ್ ಹೊತ್ತಿಗೆ ನಿಮ್ಮ ಟ್ಯಾಕ್ಸ್ ಟೀಚರ್‌ನ್ನೇ ಕೇಳಿ, ಹೆಸರು ಎಲ್ಲಿ ಬರೆಸಬೇಕು ಎಂದು ಅವರಿಗೆ ಗೊತ್ತಿರುತ್ತದೆ.